ಹತ್ತು ಮನೆಯ ಅಲಾರಂ

...ಇಲ್ಲ ಜೊರ್ನಿತ್ಸಾ, ಹಾಗೆ ಬಾಗಿಲಿಗೆ ಒರಗಿ ನಿಂತ್ಕೋಬೇಡ. ಇನ್ನು ಹತ್ತು ನಿಮಿಷಕ್ಕೆ ನಮ್ಮನ್ನ ಸ್ಪರ್ಧೆ ವೇದಿಕೆಗೆ ಕರೀತಾರೆ. ಕೂತ್ಕೋ. ಬೂಟಿನ ಹಿಮ ಆದ್ರೂ ಕೊಡವು. ಊರಿಂದ ಮೊದಲನೇ ಬಸ್ಸಿಗೇ ಬಂದ್ಯಾ? ಏನಾದ್ರೂ ತಿಂದ್ಯಾ? ಚೀಸ್ ತುಂಬಿದ ಬಾನಿತ್ಸಾ ಇದೆ, ತಣ್ಣಗಾಗಿದೆ ಅಷ್ಟೆ.

ಬೇಡ್ವಾ. ಸರಿ.

ನಿಮ್ಮೂರ ಫಿದಾನ್ಕಾ ಅಜ್ಜಿ ವಿಷಯ ನಂಗೂ ಗೊತ್ತಾಯ್ತು. ಆಸ್ಪತ್ರೆಗೆ ಫೋನ್ ಮಾಡಿದ್ದೆ. ಕಣ್ಣು ಬಿಟ್ಟಿದ್ದಾರಂತೆ... ಯಾಕೆ ಹಾಗೆ ನೋಡ್ತೀಯ? ಇನ್ನೂ ಮಾತಾಡಿಲ್ಲ ಅಂತ ಗೊತ್ತು. ಕಣ್ಣು ಬಿಟ್ಟಿದ್ದಾರೆ ಅಂದೆ, ಅಷ್ಟೆ.

ನೋಡು, ಹಳೇ ಮನೆ, ಸೌದೆ ಒಲೆ, ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿರ್ತಾರೆ. ವಿಷಗಾಳಿ ತುಂಬ್ಕೊಳ್ಳೋಕೆ ಎಷ್ಟು ಹೊತ್ತು ಬೇಕು? ನಿಮ್ಮ ತಾತ ಹೋಗಿದ್ದೂ ಹಾಗೇ. ಅದಕ್ಕೇ ತಾನೇ ನೀನು ಈ ಅಲಾರಂ ಮಾಡಿದ್ದು, ನಿಮ್ಮೂರಲ್ಲಿ ಹತ್ತು ಮನೇಲಿ ಹಾಕಿದ್ದು. ಹತ್ತರಲ್ಲಿ ಒಂದು ಕೂಗ್ಲಿಲ್ಲ ಅಂತ...

ಇವತ್ತು ಹಿಂದೆ ಸರಿಯೋಕಾಗಲ್ಲ ಕಣೇ. ಆರು ತಿಂಗಳಿಂದ ಯೂನಿವರ್ಸಿಟಿಯವರು ತಮ್ಮ ಸ್ಟಾರ್ಟಪ್ ಕೇಂದ್ರದಲ್ಲಿ ಜಾಗ ಕೊಟ್ಟಿದ್ದಾರೆ. ಪ್ರೊಫೆಸರ್ ದೋಬ್ರೆವಾ ಜಗಳ ಆಡಿ ನಮ್ಮನ್ನ ಸೇರಿಸಿದ್ರು. ನಮ್ಮಪ್ಪ ಗ್ಯಾರೇಜ್ ಮುಚ್ಚಿ ಬಂದು, ಮೊದಲನೇ ಸಾಲಲ್ಲಿ ಮದುವೆ ಕೋಟು ಹಾಕ್ಕೊಂಡು ಕೂತಿದ್ದಾನೆ. ಅವನ ಮುಂದೆ ನಿಂತು ಏನಂತ ಹೇಳ್ಲಿ? ಬೆಳಗಿಂದ ಈ ಕೋಣೇಲಿ ಕೂತಿದ್ದೀನಿ. ಅತ್ಲಾಗೂ ಹೋಗೋಕಾಗಲ್ಲ, ಇತ್ಲಾಗೂ ಬರೋಕಾಗಲ್ಲ.

ಏನದು ಚೀಲದಲ್ಲಿ? ಅಜ್ಜಿ ಮನೆ ಅಲಾರಂ ತಾನೇ? ಬಿಚ್ಕೊಂಡು ಬಂದ್ಯಾ...

ಒಳಗಿನ ದಾಖಲೆ ನೋಡಿದ್ಯಾ?

ಸರಿ, ಹೇಳ್ತೀನಿ. ನವೆಂಬರಲ್ಲಿ ಎರಡು ಸಲ ಕೂಗಿತ್ತು. ಅಜ್ಜಿ ಫೋನ್ ಮಾಡಿ, 'ರಂಗೆಲ್, ಮಗಾ, ನಿನ್ನ ಡಬ್ಬಿ ನನ್ನ ಬೆಕ್ಕನ್ನ ಹೆದರಿಸ್ತಿದೆ' ಅಂದ್ರು. ನಾನು ನಕ್ಕುಬಿಟ್ಟೆ. ಹೋಗಿ ಚಿಮಣಿ ನೋಡ್ಬೇಕಿತ್ತು, ನೋಡ್ಲಿಲ್ಲ. ಅದೇ ವಾರ ಇಲ್ಲಿ ಎಲ್ಲರೂ ಹೇಳ್ತಿದ್ರು, ಸುಮ್ಮಸುಮ್ನೆ ಕೂಗೋ ಅಲಾರಂ ಯಾರೂ ಕೊಳ್ಳಲ್ಲ ಅಂತ. ಅದಕ್ಕೆ... ಎಷ್ಟು ವಿಷಗಾಳಿಗೆ ಕೂಗ್ಬೇಕು ಅನ್ನೋ ಮಟ್ಟಾನ ಇಲ್ಲಿಂದಲೇ, ಲ್ಯಾಪ್‌ಟಾಪಲ್ಲೇ ಏರಿಸಿದೆ. ಸ್ವಲ್ಪ. ಇಲ್ಲ, ಸ್ವಲ್ಪ ಅಲ್ಲ. ನಾಲ್ಕು ಪಟ್ಟು. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ, ಅದಕ್ಕೇ ಹೇಳ್ಲಿಲ್ಲ.

ಬೈಯಿ. ಬೇಕಾದ್ರೆ ಹೊಡಿ.

ವೇದಿಕೆ ಮೇಲೆ ಒಪ್ಕೊಳ್ಲಾ? ಒಪ್ಕೋತೀನಿ, ಅಪ್ಪ ಕೇಳಿಸ್ಕೊಂಡ್ರೂ ಸರಿ... ಅದಲ್ವಾ? ಮತ್ತೇನು? ಕಿಟಕಿ ಕಡೆ ಯಾಕೆ ನೋಡ್ತೀಯ? ಹಿಮ ಬೀಳ್ತಿದೆ. ನಿಮ್ಮೂರಲ್ಲೂ ಬೀಳ್ತಿರುತ್ತೆ. ಎಲ್ಲರ ಮನೇಲೂ ಒಲೆ ಹಚ್ಚಿ...

ಹೌದು.

ಉಳಿದ ಒಂಬತ್ತು ಮನೇಲೂ ಅದೇ ಮಟ್ಟ ಇದೆ.

ಬೆಳಗ್ಗೆಯೇ ಇಳಿಸಬಹುದಿತ್ತು. ಇಳಿಸಿದ್ರೆ ದಾಖಲೇಲಿ ಉಳಿಯುತ್ತೆ, ತೀರ್ಪುಗಾರರು ನೋಡ್ತಾರೆ, ಅದಕ್ಕೆ... ಸಂಜೆ ಇಳಿಸೋಣ ಅಂದ್ಕೊಂಡಿದ್ದೆ.

ಲ್ಯಾಪ್‌ಟಾಪ್ ತಗೋ, ನೀನೇ ಇಳಿಸು. ನಂಗೆ ಫೋನ್ ಕೊಡು. ಮೊದಲು ಸಾಂದೋ ಮನೆ, ಅಲ್ಲಿ ಕೂಸಿದೆ. ಹೊರಗೆ ನಮ್ಮ ಹೆಸರು ಕರೀತಿದ್ದಾರೆ. ಕರೀಲಿ ಬಿಡು.

ಹಲೋ, ಸಾಂದೋ ಅಣ್ಣಾ? ನಾನು, ರಂಗೆಲ್. ಕೂಸನ್ನ ಎತ್ಕೊಂಡು ಮನೆಯಿಂದ ಆಚೆ ಬನ್ನಿ. ಹೌದು, ಹಿಮದಲ್ಲೇ... ಇಲ್ಲ, ಅದು ಕೂಗಲ್ಲ ಅಣ್ಣಾ. ನಾನೇ ಅದರ ಬಾಯಿ ಕಟ್ಟಿದ್ದೀನಿ.