ಮೂರನೇ ಕೂಗು

ರಾತ್ರಿ ಹನ್ನೊಂದು ಗಂಟೆ ಇರಬಹುದು. ಸಾತನೂರಿನಲ್ಲಿ ಕೊನೇ ಬಸ್ಸು ಇಳಿದು ನನ್ನ ಅಕ್ಕನ ಮಗ ಯೋಗಾನಂದ ಊರ ಕಡೆ ನಡೆದು ಬರುತ್ತಿದ್ದ. ಜೊತೆಗೆ ಅವನ ಗೆಳೆಯ ಮರಿಯಪ್ಪ. ದಾರಿಯಲ್ಲಿ ಹಾಳುಬಾವಿ. ಬಾವಿಯ ಪಕ್ಕದಲ್ಲೇ ನಾವು ಐದು ಮನೆಯವರು ಸೇರಿ ಕೊರೆಸಿದ ಬೋರ್‌ವೆಲ್ಲು, ಅದರ ಪಂಪುಮನೆ.

ಕಬ್ಬಾಳಮ್ಮನಿಗೆ ದೀಪ ಹಚ್ಚಿ ಬಂದು ಕೂತು ಹೇಳುತ್ತಿದ್ದೇನೆ. ಇದರಲ್ಲಿ ನಾನು ಸೇರಿಸಿದ ಮಾತು ಒಂದೂ ಇಲ್ಲ.

ಮೊದಲು ಆ ಪಂಪುಮನೆಯ ವಿಷಯ. ನಮ್ಮ ಕಡೆ ತ್ರೀಫೇಸ್ ಕರೆಂಟು ಬರುವುದು ರಾತ್ರಿ, ಅದೂ ಹೊತ್ತುಗೊತ್ತಿಲ್ಲದೆ. ಹಿಪ್ಪುನೇರಳೆಗೆ ನೀರು ಕಟ್ಟುವವರು ನಿದ್ದೆಗೆಟ್ಟು ಕಾಯಬೇಕು. ಅದಕ್ಕೇ ಯೋಗಾನಂದ ಒಂದು ಆಪ್ ಬರೆದ. ಹಳೇ ಫೋನೊಂದನ್ನು ಒಳಗೆ ಗೋಡೆಗೆ ಬಿಗಿದು, ಸೂರಿನ ಮೇಲೆ ಮೈಕಿನ ಹಾರನ್ ಕಟ್ಟಿದ. ಕರೆಂಟು ಬಂದ ಕೂಡಲೇ ಅವತ್ತು ಯಾರ ಸರದಿಯೋ ಅವರ ಹೆಸರು ಕೂಗುತ್ತದೆ. ಅವರು ಬಂದು ಫೋನಿನಲ್ಲಿ ‘ಬಂದೆ’ ಅಂತ ಒತ್ತಿದರೆ ಮೋಟರು ಹೊರಡುತ್ತದೆ. ಆಮೇಲೆ ತೋಟದಲ್ಲಿ ನೀರು ತಿರುಗಿಸಲು ಅವರ ಹೆಂಡತಿಯನ್ನು ಕೂಗುತ್ತದೆ.

ಮೂರು ಸಲ ಕೂಗುತ್ತದೆ. ಅದು ಅವನು ಬೇಕೆಂದೇ ಮಾಡಿದ್ದು. ನಮ್ಮಲ್ಲಿ ರಾತ್ರಿ ಹೊತ್ತು ಒಂದು ಕೂಗಿಗೆ, ಎರಡು ಕೂಗಿಗೆ ಯಾರೂ ಓಗೊಡುವುದಿಲ್ಲ. ಗಾಳಿಗೆ, ಅಂದರೆ ದೆವ್ವಕ್ಕೆ, ಮೂರನೇ ಸಲ ಕೂಗಲು ಬರುವುದಿಲ್ಲ. ಮೂರನೇದು ಬಂತೆಂದರೆ ಕರೆದದ್ದು ಮನುಷ್ಯರೇ ಅಂತ ಎದ್ದು ಹೋಗುತ್ತೇವೆ.

“ನೆಟ್‌ವರ್ಕೇ ಇಲ್ವಲ್ಲಾ, ಹೆಸರೆಲ್ಲಾ ಎಲ್ಲಿರ್ತಾವೆ?” ಎಂದು ಕೇಳಿದ್ದೆ.

“ಡೇಟಾಬೇಸು ಆಪ್ ಹೊಟ್ಟೇವೊಳಗೇ ಐತೆ ಮಾವ. ಒಸಿ ಜಾಗ ಸಾಕು ಅದ್ಕೆ. ಪಟ್ಟಿಯಂಗೆ ಸಾಲಾಗಿ ಬರ್ಕೊಳಲ್ಲ. ಒಬ್ಬೊಬ್ಬರನ್ನೂ ಇಡಿಯಾಗಿ ಒಂದು ಆಬ್ಜೆಕ್ಟ್ ಮಾಡಿ ಮಡಗ್ತದೆ. ಗಂಡನ್ನ ಎತ್ತಿದ್ರೆ ಕೊಂಡಿ ಹಿಡ್ಕಂಡು ಹೆಂಡ್ತಿನೂ ಜತೆಗೇ ಬತ್ತಾಳೆ.”

“ಚಿತ್ರಗುಪ್ತನ ಕೆಲಸ ನೀನ್ಯಾಕ್ಲಾ ಹಿಡ್ದೆ?” ಎಂದು ನಕ್ಕಿದ್ದೆ. ನಗಬಾರದಿತ್ತು.

ಪಕ್ಕದ ಮನೆ ಹನುಮಂತಯ್ಯ ತೀರಿಕೊಂಡ. ತಿಥಿ ಮುಗಿದ ದಿನ ಯೋಗಾನಂದ ಅವನ ಹೆಸರು ಅಳಿಸಿದ. ನಾನು ಪಕ್ಕದಲ್ಲೇ ಇದ್ದೆ. ಹೆಂಡತಿ ದೊಡ್ಡಲಕ್ಷ್ಮಮ್ಮನ ಹೆಸರು ಹಾಗೇ ಬಿಟ್ಟ. ಅದಾಗಿ ನಾಲ್ಕನೇ ದಿನಕ್ಕೆ ಮಂಗಳವಾರ ಬಂತು. ಹನುಮಂತಯ್ಯನ ಸರದಿಯ ವಾರ.

ಅವತ್ತು ರಾತ್ರಿಯೇ ಯೋಗಾನಂದ, ಮರಿಯಪ್ಪ ಇಬ್ಬರೂ ಬಾವಿ ದಾಟುತ್ತಿದ್ದರು... ಪಂಪುಮನೆಯೊಳಗೆ ‘ಟಕ್’ ಅಂತು. ಕರೆಂಟು. ಹಾರನ್ ‘ಕರ್ರ್...’ ಅಂತು.

“ಹನುಮಂತಯ್ಯ...”

ಮರಿಯಪ್ಪ ನಿಂತುಬಿಟ್ಟ. “ಲೇ... ಅಳಿಸಿರ್ಲಿಲ್ವೇನ್ಲಾ?”

“ಅಳಿಸಿದ್ದೆ ಕಣ್ಲಾ...”

“ಹನುಮಂತಯ್ಯ...”

ಯೋಗಾನಂದ ಓಡಿದ. ಬಾಗಿಲಿಗೆ ಬೀಗ. ಜೇಬಿನಿಂದ ತೆಗೆಯುವಾಗ ಬೀಗದಕೈ ಕೆಳಗೆ ಬಿತ್ತು.

“ಹನುಮಂತಯ್ಯ...”

ಮೂರಾಯಿತು.

ಒಂದು ವೀಳ್ಯದೆಲೆ ಮಡಚುವಷ್ಟು ಹೊತ್ತು ಏನೂ ಇಲ್ಲ... ಆಮೇಲೆ ಒಳಗಿನಿಂದ ‘ಟಿಣ್’. ‘ಬಂದೆ’ ಒತ್ತಿದರೆ ಬರುವ ಸದ್ದು ಅದು. ಬೀಗ ಇನ್ನೂ ಹೊರಗೇ ಇತ್ತು. ಮೋಟರು ‘ಗುಂಯ್’ ಎಂದು ಹೊರಟಿತು.

“ಸತ್ತೋರನ್ನ ಮೂರು ಸಲ ಕರೆದ್ಬುಟ್ಯಲ್ಲೋ...” ಎನ್ನುತ್ತ ಮರಿಯಪ್ಪ ಹಿಂದೆಯೇ ಓಡಿ ಬಂದ.

‘ಕರ್ರ್...’

“ದೊಡ್ಡಲಕ್ಷ್ಮಮ್ಮ...”

ಯೋಗಾನಂದನಿಗೆ ಆಗ ಹೊಳೆಯಿತು. ಮೂರನೇ ಕೂಗಿಗೆ ಮುದುಕಿ ಎದ್ದು ಬರುತ್ತಾಳೆ. ಕತ್ತಲಲ್ಲಿ, ಒಬ್ಬಳೇ, ಈ ಬಾವಿಯ ದಾರಿಯಲ್ಲಿ... ಕೂಗಿಗೆ ಎದ್ದು ಬಂದವನ ಹತ್ತಿರಕ್ಕೆ.

ಬೀಗ ತೆಗೆದು ನುಗ್ಗಿದ. ಒಳಗೆ ಯಾರೂ ಇಲ್ಲ. ಫೋನಿನ ಗಾಜಿನ ಮೇಲೆ ಒದ್ದೆ ಬೆರಳಿನ ಗುರುತು. ಹನುಮಂತಯ್ಯನ ಹೆಸರು ಹುಡುಕಿ ಅಳಿಸಲು ಒತ್ತಿದ. ಫೋನು ಕೇಳಿತು: ‘ಜೊತೆಗೆ ಸೇರಿದವರನ್ನೂ ಅಳಿಸಲೇ?’ ಗಾಬರಿಯಲ್ಲಿ ಅವನ ಬೆರಳು ‘ಹೌದು’ ಕಡೆಗೆ ಹೋಗಿತ್ತು. ಮರಿಯಪ್ಪ ಕೈ ಹಿಡಿದ.

“ಬ್ಯಾಡ ಕಣ್ಲಾ! ಅಜ್ಜಿ ಬದುಕೈತೆ!”

“ದೊಡ್ಡಲಕ್ಷ್ಮಮ್ಮ...”

ಯೋಗಾನಂದ ಹಾರನ್ನಿನ ತಂತಿಗೆ ಕೈಹಾಕಿ ಕಿತ್ತೆಸೆದ. ಹಿಂದೆಯೇ ಕರೆಂಟೂ ಹೋಯಿತು. ಮೋಟರು ನಿಂತಿತು. ಬಾವಿಯೊಳಗೆ ಎಲ್ಲೋ... ‘ತೊಟ್... ತೊಟ್...’ ಅಷ್ಟೇ.

ಓಡಿ ಬಂದು ನೋಡಿದರೆ ದೊಡ್ಡಲಕ್ಷ್ಮಮ್ಮನ ಬಾಗಿಲು ತೆರೆದಿತ್ತು. ಕೈಯಲ್ಲಿ ಟಾರ್ಚು. ಒಂದು ಕಾಲು ಹೊಸ್ತಿಲಿನ ಹೊರಗೆ, ಒಂದು ಒಳಗೆ.

“ಅಜ್ಜಿ, ಎಲ್ಲಿಗೆ?”

“ಎರಡು ಸಲ ಕೂಗಿದ್ರು ಕಣಪ್ಪ... ಮೂರನೇದಕ್ಕೆ ಕಾಯ್ತಾ ನಿಂತಿದ್ದೆ.”

“ಕೂಗಿದ್ಯಾರು?”

“ಇನ್ಯಾರು? ನಮ್ಮ ಯಜಮಾನ್ರು.”

ಹಾರನ್ನಿನಲ್ಲಿ ಇದ್ದದ್ದು ಹೆಣ್ಣುದನಿ.

ಬೆಳಿಗ್ಗೆ ಯೋಗಾನಂದ ಫೋನು ಬಿಚ್ಚಿ ತಂದು ನನ್ನ ಮುಂದೆ ಕೂತ. “ನಾನು ಅಳಿಸಿದ್ರೂ ಅಜ್ಜಿ ಹೆಸರಲ್ಲಿ ಯಜಮಾನ ಅನ್ನೋ ಕೊಂಡಿ ಹಂಗೇ ಉಳಿದಿತ್ತು ಮಾವ. ಅವಳು ಹಿಡ್ಕಂಡಿರೋವರ್ಗೂ ಅವನು ಒಳಗಿಂದ ಹೋಗಲ್ಲ.” ಹೆಸರು ಕೂಗಿದ್ದಕ್ಕೆ ಅವನ ಲೆಕ್ಕ ಅದು. ಕೊಂಡಿ ಕಡಿಯಲೇ ಎಂದು ದೊಡ್ಡಲಕ್ಷ್ಮಮ್ಮನನ್ನೇ ಕೇಳಿದ. “ಇರ್ಲಿ ಬುಡಪ್ಪ,” ಎಂದಳು. ಮಂಗಳವಾರ ರಾತ್ರಿ ಅವಳ ಬಾಗಿಲಿಗೆ ಈಗಲೂ ಅಗುಳಿ ಬೀಳುವುದಿಲ್ಲ. ಸೊಸೆ ಅವಳ ಪಕ್ಕದಲ್ಲೇ ಮಲಗುತ್ತಾಳೆ.

ಅವತ್ತು ಬೆಳಿಗ್ಗೆ ನಾನು ಅವಳ ತೋಟಕ್ಕೆ ಹೋಗಿದ್ದೆ. ಮೋಟರು ಓಡಿದ್ದು ಎರಡು ನಿಮಿಷವೂ ಇಲ್ಲ. ಸಾಲುಗಳೆಲ್ಲ ಕೊನೆಯವರೆಗೂ ನೆಂದಿದ್ದವು. ಕೊನೇ ಸಾಲಿನ ಬಾಯಿಗೆ ಹಸಿಮಣ್ಣು ಮೆತ್ತಿ, ಮೇಲೊಂದು ಹಿಪ್ಪುನೇರಳೆ ಕಡ್ಡಿ ಚುಚ್ಚಿತ್ತು. ಸರದಿ ಮುಗಿಯಿತು ಅನ್ನುವುದಕ್ಕೆ ಹನುಮಂತಯ್ಯ ಹಾಗೇ ಚುಚ್ಚುತ್ತಿದ್ದ; ಊರಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ.

ಬೇರೆಯವರು ಹೇಳಿದ್ದಲ್ಲ ಇದು. ಆ ಕಡ್ಡಿ ಕಿತ್ತವನು ನಾನೇ. ಮುರಿದ ತುದಿಯಲ್ಲಿ ಇನ್ನೂ ಹಾಲು ಒಸರುತ್ತಿತ್ತು.