ಟೋಕನ್ ಹದಿನೇಳು, ಹಾಜರ್

ವೇದಿಕೆಯ ನಡುವಿನ ದೊಡ್ಡ ಕುರ್ಚಿಯನ್ನು ಅಲಂಕರಿಸಿರುವ ನಮ್ಮ ನಿವೃತ್ತರ ವಸತಿ ಸಂಸ್ಥೆಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡಿಕೊಳ್ಳುತ್ತಿರುವ ವ್ಯವಸ್ಥಾಪಕರೇ, ಇಂದಿನ ಸನ್ಮಾನಿತರಾದ ಅಗ್ನಿಶಾಮಕ ದಳದ ಮುಖ್ಯಸ್ಥರೇ, ಅವರ ಆರು ಮಂದಿ ಸಿಬ್ಬಂದಿಯವರೇ, ಹಾಗೂ ಸಭೆ ಮುಗಿದ ಮೇಲೆ ಕಾಫಿ ಇದೆ ಎಂಬ ಒಂದೇ ಭರವಸೆಯ ಮೇಲೆ ಇಲ್ಲಿಯವರೆಗೆ ಎಚ್ಚರವಾಗಿರುವ ಸಭಿಕರೇ,

ವಂದನಾರ್ಪಣೆಗೆಂದು ನನಗೆ ಎರಡು ನಿಮಿಷ ಕೊಟ್ಟಿದ್ದಾರೆ. ಏನು ಹೇಳಬೇಕೆಂದು ಒಂದು ಹಾಳೆಯನ್ನೂ ಕೊಟ್ಟಿದ್ದಾರೆ. ಹಾಳೆ ಬಹಳ ಚೆನ್ನಾಗಿದೆ. ಅಕ್ಷರ ದೊಡ್ಡದಾಗಿದೆ. ಅದರಲ್ಲಿ 'ವ್ಯವಸ್ಥಾಪಕರ ದೂರದೃಷ್ಟಿ' ಎಂಬ ಮಾತು ನಾಲ್ಕು ಸಲ ಬರುತ್ತದೆ. ಇದು ಸತ್ಯ. ಬಿರುಗಾಳಿ ಬಡಿದ ದಿನ ಅವರು ಮುನ್ನೂರು ಕಿಲೋಮೀಟರ್ ದೂರದ ಊರಿನಲ್ಲಿ, 'ವೃದ್ಧರು ಮತ್ತು ಬಿರುಗಾಳಿ' ಎಂಬ ವಿಚಾರ ಸಂಕಿರಣದಲ್ಲಿ ಭಾಗವಹಿಸುತ್ತಿದ್ದರು. ಅಲ್ಲಿ ಬಿಸಿಲಿತ್ತಂತೆ.

ನಗಬೇಡಿ, ಸಭಿಕರೇ. ನಕ್ಕ ಹೊತ್ತನ್ನೂ ನನ್ನ ಎರಡು ನಿಮಿಷದಲ್ಲೇ ಕಳೆಯುತ್ತಾರೆ.

ನಾವೆಲ್ಲ ಈ ಜಾಗಕ್ಕೆ ಯಾಕೆ ಬಂದೆವು? ಆ ಕರಪತ್ರ ನೋಡಿ ಬಂದೆವು. 'ಪ್ರಕೃತಿಯ ಮಡಿಲಲ್ಲಿ ನಿಮ್ಮ ನಿವೃತ್ತ ಜೀವನ' ಎಂದು ಅಚ್ಚು ಹಾಕಿಸಿದ್ದರು. ಈ ವಸಂತದಲ್ಲಿ ಪ್ರಕೃತಿಯೇ ಎದ್ದು ಬಂದು ನಮ್ಮ ಮಡಿಲಲ್ಲಿ ಕೂತಿತು! ಆರು ವಾರದಲ್ಲಿ ನಾಲ್ಕು ಬಿರುಗಾಳಿ. ಮೊದಲನೆಯದು ತೋಟದ ಬೆಂಚುಗಳನ್ನು ಪಕ್ಕದ ಹೊಲಕ್ಕೆ ಸಾಗಿಸಿತು. ಎರಡನೆಯದು ನಿಂಬೆಹಣ್ಣಿನಷ್ಟು ದಪ್ಪ ಆಲಿಕಲ್ಲು ಸುರಿಸಿ ಗಾಜನ್ನೆಲ್ಲ ಪುಡಿ ಮಾಡಿತು. ಆಗ ಆಡಳಿತ ಮಂಡಳಿ ಸುಮ್ಮನೆ ಕೂತಿತೇ? ಇಲ್ಲ. ಸುತ್ತೋಲೆ ಹೊರಡಿಸಿತು. 'ಗುಡುಗಿನ ಸಮಯದಲ್ಲಿ ನಿವಾಸಿಗಳು ನಗುಮುಖದಿಂದ ಇರತಕ್ಕದ್ದು.' ಸೈರನ್ ಕರ್ಕಶವಾಗಿದೆ ಎಂದು ಒಂದು ಉಪಸಮಿತಿ, ಮೇಣದ ಬತ್ತಿಗೆ ಒಂದು ಉಪಸಮಿತಿ. ಸೈರನ್ ಉಪಸಮಿತಿಯವರು ಅದನ್ನು ಕಿತ್ತು ಹಾಕಿಸಿ, ಇಂಪಾದ ದನಿಯ ಹೆಣ್ಣುಮಗಳೊಬ್ಬಳಿಂದ 'ದಯವಿಟ್ಟು ಗಾಬರಿಯಾಗಬೇಡಿ' ಎಂದು ರೆಕಾರ್ಡ್ ಮಾಡಿಸಿದರು. ನಮ್ಮಲ್ಲಿ ಅರ್ಧ ಜನಕ್ಕೆ ಅದು ಕೇಳಿಸುವುದೇ ಇಲ್ಲ. ಕೇಳಿಸಿದವರೆಲ್ಲ ಗಾಬರಿಯಾದರು.

ಈ ಎಲ್ಲದರ ನಡುವೆ ನಿಜವಾಗಿ ನಡೆದ ವ್ಯವಸ್ಥೆ ಒಂದೇ. ಅದು ಹಾಜರಿ. ಆತ್ಮಪ್ರಶಂಸೆ ಎಂದು ತಿಳಿಯಬಾರದು, ತಿಳಿದರೂ ಅಡ್ಡಿಯಿಲ್ಲ. ನಾನು ಕಾರ್ಖಾನೆಯಲ್ಲಿ ಟೈಮ್ ಕೀಪರ್ ಆಗಿದ್ದವನು. ಮೂವತ್ತಾರು ವರ್ಷ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಎರಡು ಸಾವಿರ ಜನರ ಟೋಕನ್ ನೋಡಿದ್ದೇನೆ. ಹಾಜರಿಗೆ ನೀಲಿ ಶಾಯಿ, ಗೈರಿಗೆ ಕೆಂಪು. ಒಂದು ದಿನವೂ ನನ್ನ ಪುಸ್ತಕ ತಪ್ಪಿಲ್ಲ. ಐದು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಬಿರುಗಾಳಿ ಸಮಿತಿಯನ್ನು ನನಗೆ ಒಪ್ಪಿಸಿದರು. ನಾನು ಮೊದಲು ಮಾಡಿದ ಕೆಲಸ, ಪ್ರತಿಯೊಬ್ಬರಿಗೂ ಒಂದೊಂದು ಟೋಕನ್ ನಂಬರ್ ಕೊಟ್ಟಿದ್ದು. ಸೂಚನೆ ಬಂದ ಕೂಡಲೇ ಎಲ್ಲರೂ ನೆಲಮಾಳಿಗೆಯ ಊಟದ ಕೋಣೆಗೆ ಇಳಿಯಬೇಕು, ನಾನು ನಂಬರ್ ಕೂಗಬೇಕು, ಅವರು 'ಹಾಜರ್' ಅನ್ನಬೇಕು. ನೀವೆಲ್ಲ ಬೈದುಕೊಂಡೇ ಇಳಿಯುತ್ತಿದ್ದಿರಿ. ನನ್ನ ಬೆನ್ನ ಹಿಂದೆ 'ಗೇಟು' ಎಂದು ಕರೆಯುತ್ತಿದ್ದದ್ದೂ ನನಗೆ ಗೊತ್ತಿದೆ.

ನಾನು ಟೋಕನ್ ಹದಿನಾರು. ನನ್ನ ಹೆಂಡತಿ ಹದಿನೇಳು.

ಅವಳ ವಿಷಯ ಈ ಹಾಳೆಯಲ್ಲಿಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ನಾವು ಬಂದ ಮೊದಲ ವಸಂತದಲ್ಲಿ ಬಿರುಗಾಳಿ ಎದ್ದಾಗ ಅವಳು ಕೆಳಗೆ ಇಳಿಯಲೇ ಇಲ್ಲ. ಪೂರ್ವದ ತುದಿಯ ಮಹಡಿ ಕೋಣೆ ನಮ್ಮದು. ಕಿಟಕಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದಳು. "ಏಳೇ, ಹೊತ್ತಾಯ್ತು" ಎಂದೆ. "ಇಷ್ಟು ವರ್ಷ ಅಡುಗೆಮನೆ ಕಿಟಕಿಯಿಂದ ಒಂದು ತುಂಡು ಆಕಾಶ ನೋಡಿದ್ದೀನಿ. ಈಗ ಪೂರ್ತಿ ಸಿಕ್ಕಿದೆ, ನೋಡೋಕೆ ಬಿಡ್ರೀ" ಅಂದಳು. ನಾನು ಬಿಡುವವನೇ? ಸಮಿತಿಯ ಮುಖ್ಯಸ್ಥನ ಹೆಂಡತಿಯೇ ಬರದಿದ್ದರೆ ಶಿಸ್ತು ಉಳಿಯುತ್ತದೆಯೇ? ಕೆಳಗೆ ಬಂದವನೇ ಎಲ್ಲರೆದುರು "ಹದಿನೇಳು, ಗೈರು" ಎಂದು ಗಟ್ಟಿಯಾಗಿ ಓದಿ ಕೆಂಪು ಶಾಯಿಯಲ್ಲಿ ಬರೆದೆ. ಅವಳು ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಐದನೇ ದಿನ ತಟ್ಟೆ ಮುಂದಿಡುತ್ತಾ, "ಬದುಕಿರೋವಾಗ್ಲೇ ನಾನಿಲ್ಲ ಅಂತ ಬರೆದ್ರಲ್ಲ, ಕೈ ಹೇಗೆ ಬಂತು ನಿಮ್ಗೆ?" ಅಂದಳು. ಅಂದಿನಿಂದ ಪ್ರತಿ ಸಲವೂ ಬಂದಳು. ತಡವಾಗಿ ಬರುತ್ತಿದ್ದಳು, ಗೊಣಗುತ್ತಾ ಬರುತ್ತಿದ್ದಳು, ಬಂದು ಹಿಂದಿನ ಸಾಲಿನಲ್ಲಿ, ನಮ್ಮೆಲ್ಲರ ಬಟ್ಟೆ ಹೊಲಿದುಕೊಡುವ ಟೈಲರಮ್ಮನ ಪಕ್ಕ ಕೂತು ಅವರ ಕಿವಿಯಲ್ಲಿ ಏನೋ ಹೇಳಿ ನಗುತ್ತಿದ್ದಳು. ಏನು ಹೇಳುತ್ತಿದ್ದಳೆಂದು ಇವತ್ತಿನವರೆಗೆ ನನಗೆ ಗೊತ್ತಿಲ್ಲ.

ಹೋದ ವರ್ಷ ಬಿರುಗಾಳಿಯ ಕಾಲ ಮುಗಿದ ಮೇಲೆ ತೀರಿಕೊಂಡಳು. ಆ ದಿನ ಒಂದು ಮೋಡವೂ ಇರಲಿಲ್ಲ.

ಜೋಡಿ ಕೋಣೆ ಜೋಡಿಗೆ ಮಾತ್ರ ಎಂಬುದು ನಿಯಮ. ಹದಿನೈದು ದಿನಕ್ಕೆ ನನ್ನನ್ನು ಕೆಳಗಿನ ಒಂಟಿ ಕೋಣೆಗೆ ಹಾಕಿದರು. ಮೇಲಿನದಕ್ಕೆ ಬೀಗ ಬಿತ್ತು. ವ್ಯವಸ್ಥಾಪಕರನ್ನು ನಾನು ದೂರುತ್ತಿಲ್ಲ. ನಿಯಮ ನಿಯಮವೇ, ನಾನೂ ನಿಯಮದ ಮನುಷ್ಯನೇ.

ಇರಲಿ, ವಂದನಾರ್ಪಣೆಗೆ ಬರೋಣ. ನಾಲ್ಕನೇ ಬಿರುಗಾಳಿ. ಮಧ್ಯಾಹ್ನ ಎರಡೂಕಾಲು. ಆಕಾಶ ಹಸಿರಾಯಿತು, ಆಕಾಶ ಹಸಿರಾಗುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು. ಎಲ್ಲರೂ ಇಳಿದರು. ಹಾಜರಿ ಕೂಗಿದೆ. ಪುಸ್ತಕದ ಪ್ರಕಾರ ನಲವತ್ತೆರಡಕ್ಕೆ ನಲವತ್ತೆರಡು. ಆಗಲೇ ಮೇಲೆ ದಡದಡ ಎಂದು ಸದ್ದಾಯಿತು. ಪೂರ್ವದ ಕಡೆಯ ಚಾವಣಿ ಹಾರಿಹೋಗಿ, ನೀರಿನ ಟ್ಯಾಂಕ್ ಮಹಡಿ ಕೋಣೆಗಳ ಮೇಲೆ ಕುಸಿದಿತ್ತು. ಹದಿನೈದೇ ನಿಮಿಷದಲ್ಲಿ ಅಗ್ನಿಶಾಮಕ ದಳದವರು ಬಂದರು. ಅವರಿಗೆ ಯಾವ ಉಪಸಮಿತಿಯೂ ಇಲ್ಲದಿರುವುದೇ ಇದಕ್ಕೆ ಕಾರಣವಿರಬೇಕು. ನಿಮ್ಮನ್ನೆಲ್ಲ ಎರಡು ಬಸ್ಸಿಗೆ ಹತ್ತಿಸಿ ಶಾಲೆಯ ಕಟ್ಟಡಕ್ಕೆ ಕಳಿಸಿದರು. ಹತ್ತುವಾಗ ಒಬ್ಬೊಬ್ಬರ ಟೋಕನ್ ನಂಬರ್ ಕೇಳಿ ಗುರುತು ಹಾಕಿಕೊಂಡರು. ನಾನು ಹತ್ತಲಿಲ್ಲ. ಟೈಮ್ ಕೀಪರ್ ಯಾವತ್ತೂ ಕೊನೆಗೆ ಹೋಗುವವನು. ಬಸ್ಸುಗಳು ಹೊರಟ ಮೇಲೆ ದಳದ ಮುಖ್ಯಸ್ಥರು ನನ್ನ ಪುಸ್ತಕ ತೆಗೆದುಕೊಂಡು, ನನ್ನನ್ನೂ ಸೇರಿಸಿ ಲೆಕ್ಕ ಹಾಕಿದರು. ನಲವತ್ತೊಂದು.

"ಹದಿನೇಳು ಯಾರು ಸಾರ್? ಹಾಜರ್ ಅಂತ ಬರ್ದಿದ್ದೀರಿ. ಬಸ್ಸಿಗೆ ಬಂದಿಲ್ಲ" ಎಂದರು. ಪುಸ್ತಕದಲ್ಲಿ ಕೋಣೆ ನೋಡಿದರು. ಪೂರ್ವದ ತುದಿ, ಮಹಡಿ. "ವಾಪಸ್ ಮೇಲೆ ಹೋಗ್ಬಿಟ್ಟಿದ್ದಾರೆ ಕಣ್ರೋ, ಬನ್ನಿ!" ಎಂದು ಕೂಗಿ ಓಡಿದರು.

ಮುಂದೆ ಆದದ್ದು ನಿಮಗೆಲ್ಲ ಗೊತ್ತಿದೆ. ತನಿಖಾ ವರದಿಯಲ್ಲಿಯೂ ಇದೆ. ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ತೊಲೆ ಸರಿಸುವಾಗ ಒಬ್ಬರ ಕೈ ಮುರಿಯಿತು. ಇದೋ, ಮುಂದಿನ ಸಾಲಿನಲ್ಲಿ ಬ್ಯಾಂಡೇಜು ಕಟ್ಟಿಕೊಂಡು ಕೂತಿದ್ದಾರೆ. ಶಾಲೆಯಲ್ಲಿ ಬಸ್ ಚಾಲಕರ ವೈರ್‌ಲೆಸ್ಸಿನಲ್ಲಿ 'ಹದಿನೇಳು ಸಿಕ್ಕಿಲ್ಲ' ಎಂದು ಕೇಳಿದ ಕೂಡಲೇ ಟೈಲರಮ್ಮ ಎದ್ದು, "ಅಯ್ಯೋ, ನಿಲ್ಲಿಸ್ರಪ್ಪಾ, ಹದಿನೇಳು ಅಂತ ಹಾಜರ್ ಹೇಳಿದ್ದು ನಾನೇ! ಅವ್ರು ತೀರ್ಕೊಂಡು ವರ್ಷವಾಯ್ತು!" ಎಂದು ಕಿರುಚಿಕೊಂಡರಂತೆ. ಚಾಲಕರು ಅದನ್ನು ಇತ್ತ ತಿಳಿಸಿದ ಮೇಲೆ ಕೆಲಸ ನಿಂತಿತು.

ವರದಿಯ ತೀರ್ಮಾನ ಹೀಗಿದೆ. ಒಂದು: ಹಳೆಯ ಪುಸ್ತಕದಿಂದ ಹೊಸದಕ್ಕೆ ನಕಲು ಮಾಡುವಾಗ ಸಮಿತಿಯ ಮುಖ್ಯಸ್ಥರಿಂದ ಆದ ಕೈತಪ್ಪು, ವಯಸ್ಸಿನ ದೃಷ್ಟಿಯಿಂದ ಕ್ಷಮಾರ್ಹ. ಎರಡು: ಸುಳ್ಳು ಹಾಜರಿ ಹೇಳಿದ ಟೋಕನ್ ಹದಿನೆಂಟು, ಅಂದರೆ ನಮ್ಮ ಟೈಲರಮ್ಮ, ಈ ತಿಂಗಳ ಕೊನೆಯೊಳಗೆ ಸಂಸ್ಥೆಯನ್ನು ತೆರವು ಮಾಡತಕ್ಕದ್ದು. ಮೂರು: ವ್ಯವಸ್ಥಾಪಕರ ದೂರದೃಷ್ಟಿಯಿಂದ ಜೀವಹಾನಿ ತಪ್ಪಿದೆ.

ವ್ಯವಸ್ಥಾಪಕರೇ, ನೀವು ಕೆಮ್ಮಿದ್ದು ಕೇಳಿಸಿತು. ಎರಡು ನಿಮಿಷ ಯಾವಾಗಲೋ ಮುಗಿದಿದೆ. ಟೈಮ್ ಕೀಪರ್‌ಗೆ ಗಡಿಯಾರ ತೋರಿಸಬೇಡಿ, ಕೂತುಕೊಳ್ಳಿ.

ಕೈತಪ್ಪು ಎಂದು ಹೇಳಿದವನು ನಾನೇ. ತನಿಖೆಯವರು ಕೇಳಿದಾಗ ಬಾಯಿಗೆ ಬಂದದ್ದು ಅದೊಂದೇ. ಸಭಿಕರೇ, ಎರಡು ಸಾವಿರ ಟೋಕನ್ನಿನಲ್ಲಿ ಒಂದೂ ತಪ್ಪದ ಕೈ, ನಲವತ್ತೆರಡರಲ್ಲಿ ತಪ್ಪುತ್ತದೆಯೇ? ಹೊಸ ಪುಸ್ತಕಕ್ಕೆ ನಂಬರ್ ಬರೆಯುತ್ತಾ ಬಂದೆ. ಹದಿನಾರು ಬರೆದೆ. ಹದಿನಾರಾದ ಮೇಲೆ ಹದಿನೆಂಟು ಬರೆಯಲು ಆಗಲಿಲ್ಲ. ಬೇಕೆಂದೇ ಹದಿನೇಳು ಬರೆದೆ, ನಮ್ಮ ಹಳೆಯ ಕೋಣೆಯನ್ನೂ ಬರೆದೆ.

ಈ ವರ್ಷದ ಮೊದಲ ಬಿರುಗಾಳಿಯಲ್ಲಿ ಹದಿನೇಳು ಎಂದು ಕೂಗಿ ನಿಂತುಬಿಟ್ಟೆ. ಕೂಗಿದ ಮೇಲೆ ಏನಾದರೂ ಬರೆಯಬೇಕಲ್ಲ? ಕೆಂಪು ಪೆನ್ನು ಕೈಯಲ್ಲಿತ್ತು. ನೀವೆಲ್ಲ ನೆಲ ನೋಡುತ್ತಾ ಕೂತಿರಿ. ಆಗ ಹಿಂದಿನ ಸಾಲಿನಿಂದ ಟೈಲರಮ್ಮ, "ಹಾಜರ್. ಮುಂದಕ್ಕೆ ಹೋಗಿ, ಅಣ್ಣ" ಎಂದರು. ಅದು ಸುಳ್ಳೇ? ಹರಿದದ್ದು ಕಣ್ಣಿಗೆ ಬಿದ್ದ ಕೂಡಲೇ ಸೂಜಿ ಎತ್ತಿಕೊಳ್ಳುವುದು ಅವರ ಅಭ್ಯಾಸ. ಅಲ್ಲಿಂದ ನಾಲ್ಕು ಸಲವೂ ಹದಿನೇಳಕ್ಕೆ ಅವರೇ ದನಿ ಕೊಟ್ಟರು, ನಾನು ನೀಲಿ ಶಾಯಿಯಲ್ಲಿ ಬರೆದೆ. ನೀವು ಯಾರೂ ಆಕ್ಷೇಪಿಸಲಿಲ್ಲ.

ಇಷ್ಟೇ ಆಗಿದ್ದರೆ ನಾನು ಈ ಹಾಳೆಯನ್ನೇ ಓದಿ ಕೂತುಬಿಡುತ್ತಿದ್ದೆನೋ ಏನೋ. ಇನ್ನೊಂದಿದೆ.

ಮುಖ್ಯಸ್ಥರು 'ಹದಿನೇಳು ಯಾರು' ಎಂದು ಕೇಳಿದಾಗ ನಾನು ಅಲ್ಲೇ ಇದ್ದೆ. ಅವರ ಎದುರಿಗೇ ಇದ್ದೆ. 'ಅವಳಿಲ್ಲಪ್ಪಾ' ಎಂದು ಹೇಳಲು ಎಷ್ಟು ಹೊತ್ತು ಬೇಕು? ಮೊದಲು, ನನ್ನ ಪುಸ್ತಕ ತಪ್ಪು ಎಂದು ಹೇಳಲು ನಾಲಿಗೆ ಏಳಲಿಲ್ಲ. ಆಮೇಲೆ ಅವರು ಮಹಡಿ ಹತ್ತಿದರು. ಈಗ ಕೈಗೆ ಪೆಟ್ಟಾಗಿರುವ ಇವರು, ಆ ಮಳೆಯಲ್ಲಿ, ಕುಸಿದ ಗೋಡೆಗೆ ಬಾಯಿ ಹಚ್ಚಿ ಕೂಗತೊಡಗಿದರು. "ಅಮ್ಮಾ, ಕೇಳಿಸ್ತಾ ಇದ್ಯಾ? ಹೆದರ್ಬೇಡಿ. ಅಲ್ಲೇ ಇರಿ ಅಮ್ಮಾ, ನಾವು ಬಂದ್ವಿ."

ಒಂದು ವರ್ಷದಿಂದ ಅವಳನ್ನು ಯಾರೂ ಕರೆದಿರಲಿಲ್ಲ, ಸಭಿಕರೇ. ಅವಳ ಹಾಸಿಗೆ ಬೇರೆಯವರಿಗೆ ಕೊಟ್ಟರು, ಕಪಾಟು ಖಾಲಿ ಮಾಡಿಸಿದರು, ಅವಳ ಹೆಸರಿಗೆ ಬರುವ ಕಾಗದ ನಿಂತಿತು. ಇಲ್ಲೊಬ್ಬ ಗುರುತಿಲ್ಲದ ಮನುಷ್ಯ, ಅವಳು ಒಳಗಿದ್ದಾಳೆ ಎಂದು ನಂಬಿ, ಅವಳಿಗಾಗಿ ಇಟ್ಟಿಗೆ ಎಳೆಯುತ್ತಿದ್ದ. ಸ್ವಲ್ಪ ಹೊತ್ತು ನಾನೂ ನಂಬಿದೆ. ಕೆಳಗೆ ನಿಂತು, ಮಳೆಯಲ್ಲಿ ನೆನೆಯುತ್ತಾ, ಕಿವಿಗೊಟ್ಟೆ. ಮೂರು ಗಂಟೆ ಹತ್ತರಿಂದ ಮೂರು ಮೂವತ್ತೈದು. ಗಡಿಯಾರ ನೋಡಿದ್ದೆ, ಹಾಳು ಚಟ. ಅವರ ಕೈ ಮುರಿದದ್ದು ಮೂರು ಇಪ್ಪತ್ತೆಂಟಕ್ಕೆ.

ಹದಿನೆಂಟು ನಿಮಿಷದ ಮೇಲೆ ಮುರಿದ ಆ ಕೈ ನನ್ನ ಲೆಕ್ಕಕ್ಕೆ ಸೇರಿದ್ದು. ಸ್ವಾಮಿ, ನೀವು ಕ್ಷಮಿಸದಿದ್ದರೂ ಸರಿಯೇ. ಆದರೆ ನೀವು ಹಾಗೆ ಕೂಗಿದ್ದಕ್ಕೆ ನನ್ನ ವಂದನೆ ಸ್ವೀಕರಿಸಬೇಕು. ಇವತ್ತಿನ ವಂದನಾರ್ಪಣೆಯಲ್ಲಿ ನಾನು ಮನಸ್ಸಿನಿಂದ ಹೇಳುವ ವಂದನೆ ಅದೊಂದೇ.

ಅಧ್ಯಕ್ಷರೇ, ನಡೆದ ವಿಷಯದಲ್ಲಿ ನಿಜ ಹೇಳಿದವರು ಒಬ್ಬರೇ, ತೆರವಿನ ನೋಟಿಸ್ ಹೋಗಿರುವುದೂ ಅವರಿಗೇ. ಯಾರಾದರೂ ಹೋಗಲೇಬೇಕಾದರೆ ಹದಿನಾರು ಹೋಗಲಿ. ನನ್ನ ಪೆಟ್ಟಿಗೆ ಕಟ್ಟಿಟ್ಟೇ ಸಭೆಗೆ ಬಂದಿದ್ದೇನೆ. ಇವತ್ತು ಒಂದು ಸಾಲು ತಿದ್ದಿಹೋಗುತ್ತೇನೆ. ಪುಸ್ತಕ ತಂದಿದ್ದೇನೆ. ಇದೋ ಕೆಂಪು ಪೆನ್ನು.

ಟೋಕನ್ ಹದಿನಾರು. ಹಾಜರ್.

ಟೋಕನ್ ಹದಿನೇಳು.

ಬೇಡ ಟೈಲರಮ್ಮ, ನೀವು ಸುಮ್ಮನಿರಿ ತಾಯಿ. ಈ ಸಲ ನಾನೇ ಹೇಳುತ್ತೇನೆ. ಸ್ವಲ್ಪ ಹೊತ್ತು ಕೊಡಿ.

ಟೋಕನ್ ಹದಿನೇಳು. ಗೈರು.

ಬರೆದೆ ಕಣೇ. ಕೈ ಹೇಗೆ ಬಂತು ಎಂದು ಕೇಳಬೇಡ.

ಟೋಕನ್ ಹದಿನೆಂಟು. ಟೈಲರಮ್ಮ, ಈಗ ಹೇಳಿ. ಗಟ್ಟಿಯಾಗಿ ಹೇಳಿ, ಅಧ್ಯಕ್ಷರಿಗೆ ಕೇಳಬೇಕು.

ಕೇಳಿಸಿತು. ನೀಲಿಯಲ್ಲಿ ಬರೆದುಕೊಂಡೆ. ಅಧ್ಯಕ್ಷರೂ ಕೇಳಿಸಿಕೊಂಡರು, ನಾನು ನೋಡಿದೆ.

ಇಷ್ಟು ಹೊತ್ತು ಕೂತಿದ್ದಕ್ಕೆ ನಿಮಗೆಲ್ಲ ವಂದನೆಗಳು. ಕಾಫಿ ಆರಿರುತ್ತದೆ, ಅದಕ್ಕೂ ನಾನೇ ಹೊಣೆ. ನಮಸ್ಕಾರ.