ಬಿಡು ಎನ್ನುವವರೆಗೆ

ಮಳೆ ಎದುರಿನ ಮನೆಯೂ ಕಾಣದ ಹಾಗೆ ಸುರಿಯುತ್ತಿತ್ತು. ಕೆಲಸ ಮುಗಿಸಿ ಮನೆಗೆ ಹೊರಟಿದ್ದವರು ಸಿಕ್ಕ ಸೂರಿನಡಿ ನುಗ್ಗಿದರು. ಹಾಗೆ ಮೂಲೆಮನೆಯ ಕಾರ್ ಶೆಡ್ಡಿಗೆ ನುಗ್ಗಿದವರು ದರ್ಜಿ, ಅವನ ಹೆಂಡತಿ ಮತ್ತು ಶಾಲೆಯ ಮೇಷ್ಟ್ರು. ಅಲ್ಲಿ ಆಗಲೇ ಒಬ್ಬರು ಬೋರಲು ಹಾಕಿದ ಬಣ್ಣದ ಡಬ್ಬದ ಮೇಲೆ ಸಿಂಹಾಸನ ಏರಿದವರ ಹಾಗೆ ಕೂತಿದ್ದರು. ಊರಿನ ಗಾಡಿಗಳಿಗೆಲ್ಲ ಬಣ್ಣ ಹೊಡೆದು ಮುದುಕರಾದ ಅವರು ಎಲ್ಲರಿಗೂ ಪೇಂಟರ್ ತಾತ.

"ಬನ್ನಿ, ಬನ್ನಿ. ಇದೂ ಒಂದು ಮಳೇನಾ? ನಾನು ಹುಟ್ಟೋಕೆ ಮುಂಚೆ ಒಂದು ಮಳೆ ಬಂದಿತ್ತು. ಅದನ್ನ ನಾನು ಕಣ್ಣಾರೆ ನೋಡಿದೀನಿ!"

ಶೆಡ್ಡಿನ ಒಳಗಡೆ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ, ಎರಡೇ ಸೀಟಿನ, ತಲೆಯ ಮೇಲೆ ಮುಚ್ಚಿಗೆಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು ನಿಂತಿತ್ತು. ಕಡುಹಸಿರು ಬಣ್ಣ. ಹಿಂದಿನ ಚಕ್ರದ ಬಳಿ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವು ಆ ಮನೆಯ ಹೆಣ್ಣುಮಗಳವು. ಬೀದಿಗೆಲ್ಲ ಆಕೆ ಅಕ್ಕ. ಕಾರಿನಡಿ ಮಲಗಿ ಬ್ರೇಕಿನ ಎಣ್ಣೆ ಬದಲಾಯಿಸುತ್ತಿದ್ದಳು.

"ಅಕ್ಕಾ, ಇದಕ್ಕೆ ಮೇಲೆ ಕೂತು ಪೆಡಲ್ ಒತ್ತೋಕೆ ಇನ್ನೊಬ್ಬರು ಬೇಕಲ್ವಾ?" ಎಂದ ದರ್ಜಿ. "ನಾನು ಕೂರ್ತೀನಿ. ದಿನವೆಲ್ಲ ಮಿಷನ್ ತುಳಿಯೋ ಕಾಲು ಇದು."

ತಾತ ಅವನ ಅಂಗಿಯ ಚುಂಗು ಹಿಡಿದೆಳೆದರು. "ಕೂತ್ಕೊಳ್ಳಪ್ಪ. ಆ ಸೀಟಿನ ಕತೆ ಮೊದಲು ಕೇಳು. ಆಮೇಲೂ ಕಾಲು ಗಟ್ಟಿಯಾಗಿದ್ರೆ ಹೋಗು. ಹಾಂ, ಕಾರಿನ ಬ್ಯಾಟರಿ ಎಲ್ಲಿದೆ ಅಂತ ಎಲ್ಲರೂ ನೋಡಿ ಇಟ್ಕೊಳ್ಳಿ."

ಕಾರಿನಿಂದ ಬಿಚ್ಚಿಟ್ಟ ಬ್ಯಾಟರಿ ದೂರ, ಗೋಡೆಬದಿಯ ಬೆಂಚಿನ ಮೇಲಿತ್ತು.

"ತಾತ, ಶುರು ಹಚ್ಕೊಂಡ್ರಾ?" ಎಂದು ಕಾರಿನಡಿಯಿಂದ ಅಕ್ಕನ ದನಿ ಬಂತು.

"ನಿನ್ನ ಕೆಲಸ ನೀನು ನೋಡು ತಾಯಿ. ನಾನು ಸುಳ್ಳು ಹೇಳಿದ್ರೆ ಅಲ್ಲಿಂದ್ಲೇ ಕೂಗು," ಎಂದು ತಾತ ಗಂಟಲು ಸರಿಮಾಡಿಕೊಂಡು ಕತೆ ತೆಗೆದರು.

ಕೇಳಿ. ಈ ಮನೆಯಲ್ಲಿ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ಆಲದಮರದಂಥ ಆಳು. ತಂಗಿ ಇದ್ದಳಲ್ಲ, ಸೂಜಿಯ ಕಣ್ಣಲ್ಲಿ ತೂರಿ ಆಚೆ ಬರುವಂಥವಳು. ಯಾರದೋ ಹಿತ್ತಿಲಿನಿಂದ ಇಬ್ಬರೂ ಸೇರಿ ಈ ಕಾರನ್ನು ಎಳೆದು ತಂದರು. ಕಾರೆಂದರೆ ಕಾರೇ ಅದು? ತಗಡಿಗಿಂತ ತುಕ್ಕೇ ಹೆಚ್ಚು. ಒಳಗೆ ಐನೂರು ಕೋಳಿಗಳು ಸಂಸಾರ ಹೂಡಿದ್ದವು...

"ಆರು ಕೋಳಿ," ಎಂದಿತು ಕಾರಿನಡಿಯ ದನಿ.

ಆಯಿತು, ಆರು. ಆದರೆ ಒಂದೊಂದೂ ಕರುವಿನಷ್ಟಿತ್ತು! ಭಾನುವಾರ ಬಂತೆಂದರೆ ಅಣ್ಣತಂಗಿ ಇದೇ ಶೆಡ್ಡಿನಲ್ಲಿ. ತುಕ್ಕು ಕೆರೆದರು, ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆದರು, ಇಂಜಿನ್ ಇಳಿಸಿ ಅಡುಗೆಮನೆಯ ಹಳೆಯ ಮೇಜಿನ ಮೇಲಿಟ್ಟು ಬಿಚ್ಚಿದರು. ಬಣ್ಣಕ್ಕೆ ನನ್ನನ್ನು ಕರೆದರು. ನನ್ನನ್ನು ಬಿಟ್ಟು ಇನ್ನು ಯಾರನ್ನು ಕರೆಯುತ್ತಾರೆ? ನಾನು ಹೊಡೆದ ಈ ಹಸಿರು ನೋಡಿ, ಹುಲ್ಲೇ ಇರಬೇಕೆಂದು ಬೀದಿಯ ಮೇಕೆಗಳೆಲ್ಲ ಹಿಂಡು ಹಿಂಡಾಗಿ ಬಂದು ಬಾನೆಟ್ ನೆಕ್ಕಿದವು.

"ಒಂದು ಮೇಕೆ. ಅದೂ ಮೂಸಿ ನೋಡಿ ಹೋಯ್ತು."

ಮೂಸಿದ್ದೇ ದೊಡ್ಡದು ಕಣಮ್ಮಾ! ಕೊನೆಗೆ ಉಳಿದದ್ದು ಬ್ರೇಕು. ಬ್ರೇಕಿನ ಕೊಳವೆಯೊಳಗೆ ಎಣ್ಣೆ ಇರುತ್ತದೆ. ಅದರಲ್ಲಿ ಗಾಳಿಯ ಒಂದು ಗುಳ್ಳೆ ಸೇರಿದರೂ ಬ್ರೇಕು ಹತ್ತಿಯ ದಿಂಬು ತುಳಿದ ಹಾಗೆ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಮೇಲೆ ಕೂತವನು ಪೆಡಲ್ ಒತ್ತಿ ಹಿಡಿಯಬೇಕು. ಕೆಳಗೆ ಮಲಗಿದವಳು ಚಕ್ರದ ಹಿಂದಿನ ಪುಟ್ಟ ತಿರುಪು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಅವಳು "ಬಿಡು" ಎನ್ನುವವರೆಗೆ ಇವನು ಕಾಲು ಎತ್ತುವಂತಿಲ್ಲ. ಎತ್ತಿದನೋ, ಹೋದ ಗಾಳಿಯೆಲ್ಲ ಮತ್ತೆ ಒಳಕ್ಕೆ! ಅಣ್ಣ ಕೊಟ್ಟ ಮಾತು ಒಂದೇ: "ಆಕಾಶ ಕಳಚಿ ಬಿದ್ರೂ ನೀನು ಹೇಳದೆ ಕಾಲು ತೆಗಿಯಲ್ಲ." ಆದರೆ ಬಾಯಿ ಸುಮ್ಮನಿರಬೇಕಲ್ಲ? ಕಾಲು ಒತ್ತಿದ ಮರುಗಳಿಗೆಯಿಂದ "ಬಿಡ್ಲಾ, ಮಹಾರಾಣಿ?" ಎಂದು ಕೆಣಕುವುದು. ಅವಳು ಕೆಳಗಿನಿಂದ ನಗುತ್ತಾ "ಇರೋ, ಅವಸರ ಮಾಡಬೇಡ" ಎನ್ನುವುದು. ಬೀದಿಗೆಲ್ಲ ಕೇಳುತ್ತಿತ್ತು.

ಆ ಭಾನುವಾರ ಮೂರು ಚಕ್ರ ಮುಗಿದಿದ್ದವು. ನಾಲ್ಕನೆಯದಕ್ಕೆ ಅವಳು "ಒತ್ತು" ಎಂದಳು. ಒತ್ತಿದ. ತಿರುಪು ಸಡಿಲಿಸಿದಳು, ಗುಳ್ಳೆ ಬಂತು, ಬಿಗಿದಳು. "ಬಿಡ್ಲಾ, ಮಹಾರಾಣಿ?" ಅನ್ನುತ್ತಾನೆ, ಆಮೇಲೆ ಬಿಡು ಎನ್ನೋಣವೆಂದು ಕಾದಳು. ಕಾದಳು... ಅಣ್ಣ ಕೇಳಲಿಲ್ಲ.

ತೆವಳಿ ಹೊರಗೆ ಬಂದು ನೋಡಿದರೆ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಿದ್ದೆ ಹೋದವನ ಹಾಗೆ ಕೂತಿದ್ದ. ಎದೆಬಡಿತ ನಿಂತುಹೋಗಿತ್ತು. ಕಾಲು ಮಾತ್ರ ಪೆಡಲಿನ ಮೇಲೇ ಇತ್ತು.

ತಾತ ಮಾತು ನಿಲ್ಲಿಸಿದರು. ಕಾರಿನಡಿಯಿಂದ ಈ ಸಲ ಯಾವ ದನಿಯೂ ಬರಲಿಲ್ಲ. ದರ್ಜಿಯ ಹೆಂಡತಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಆಮೇಲೆ ಕಾರಿಗೆ ಟಾರ್ಪಾಲು ಹೊದಿಸಿದರು. ತಂಗಿ ಶೆಡ್ಡಿನ ಕಡೆ ತಿರುಗಲಿಲ್ಲ. ಅವಳ ಅತ್ತಿಗೆ, ಅಣ್ಣನ ಹೆಂಡತಿ, ಎಷ್ಟೋ ತಿಂಗಳು ಸಹಿಸಿ ಕೊನೆಗೊಮ್ಮೆ ಬಾಯಿಬಿಟ್ಟಳು: "ಇದನ್ನ ನೋಡಿದಾಗೆಲ್ಲ ನಂಗೆ ಆ ಸೀಟೇ ಕಣ್ಣಿಗೆ ಬರುತ್ತೆ ಕಣೇ. ಒಂದೋ ಓಡ್ಲಿ, ಇಲ್ಲ ಗುಜರಿಗೆ ಹೋಗ್ಲಿ. ಹೀಗೆ ಹೆಣದ ಹಾಗೆ ನಿಂತಿರೋದನ್ನ ನಾನು ನೋಡ್ಲಾರೆ."

"ಓಡಿಸ್ತೀನಿ ಅತ್ತಿಗೆ. ಅವನು ಮಾಡಿದ್ದನ್ನ ತುಂಡು ಮಾಡಿಸಬೇಡಿ," ಎಂದಳು ತಂಗಿ.

ಓಡಿಸುವುದಿರಲಿ, ಅದು ಅಲುಗಾಡಬೇಕಲ್ಲ? ನಾಲ್ಕೂ ಚಕ್ರ ಬಂಡೆಯ ಹಾಗೆ ಕಚ್ಚಿಕೊಂಡಿದ್ದವು. ಮೆಕ್ಯಾನಿಕ್ ಬಂದ. ಅಂಥಿಂಥವನಲ್ಲ, ಒಂದೇ ಕೈಯಲ್ಲಿ ಲಾರಿ ಎತ್ತಿ ಇನ್ನೊಂದರಲ್ಲಿ ಟಯರು ಬದಲಾಯಿಸುವ ಭೀಮ! ಸ್ಪ್ರಿಂಗು ಸರಿಯಾಗಿದೆ, ಕೊಳವೆ ಸರಿಯಾಗಿದೆ, ಆದರೆ ಪೆಡಲ್ ಕೆಳಕ್ಕೆ ಹೋಗಿ ಕೂತಿದೆ. ಎರಡೂ ಕೈ ಹಾಕಿ ಮೇಲಕ್ಕೆ ಎಳೆದ, ಕೂದಲೆಳೆಯಷ್ಟೂ ಬರಲಿಲ್ಲ. ಬೆವರು ಒರೆಸಿಕೊಂಡು, "ಯಾರೋ ಒತ್ತಿ ಹಿಡ್ಕೊಂಡಂಗಿದೆ ಕಣಮ್ಮ," ಎಂದವನು ತನ್ನ ಮಾತಿಗೆ ತಾನೇ ಬೆಚ್ಚಿ, ಸ್ಪ್ಯಾನರು ಬಿಟ್ಟು ಓಡಿದ. ಕೊನೆಗೆ ಅತ್ತಿಗೆ ಕರೆಸಿದ ಗುಜರಿಯವನು ಬಂದು ಸರಪಳಿ ಬಿಗಿದು ಎಳೆದ, ಸರಪಳಿ ತುಂಡಾಯಿತು. "ನಾಳೆ ಗ್ಯಾಸ್ ಕಟರ್ ತರ್ತೀನಿ. ಇಲ್ಲೇ ಕೊಯ್ದು ಹೊತ್ಕೊಂಡು ಹೋಗ್ತೀನಿ," ಎಂದು ಹೋದ.

ಅವತ್ತು ಸಂಜೆ ತಂಗಿ ಕೊನೆಯ ಸಲ ನೋಡೋಣವೆಂದು ಶೆಡ್ಡಿಗೆ ಬಂದಳು. ಹೊರಗೆ ಬೆಳಕು ಕರಗುತ್ತಿತ್ತು. ಟಾರ್ಪಾಲಿನಡಿಯಿಂದ ಎರಡು ಕಡೆ ಕೆಂಪು... ಎತ್ತಿ ನೋಡಿದಳು. ಹಿಂದಿನ ಬ್ರೇಕ್ ದೀಪಗಳು ಉರಿಯುತ್ತಿವೆ! ಪೆಡಲ್ ಒತ್ತಿದರೆ ಹತ್ತುವ ದೀಪ ಅವು. ಬ್ಯಾಟರಿ ಬಿಚ್ಚಿ ತಿಂಗಳುಗಳೇ ಆಗಿವೆ. ಹಾಗಾದರೆ ಹೇಗೆ ಉರಿಯುತ್ತವೆ? ನೀವೇ ಹೇಳಿ ಮೇಷ್ಟ್ರೇ, ಓದಿದವರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

ಅವಳಿಗೆ ಆಗ ಹೊಳೆಯಿತು. ಅವನು ಮಾತು ತಪ್ಪಿಲ್ಲ. ಬಿಡು ಎಂದು ತಾನು ಹೇಳೇ ಇಲ್ಲ! ಇಷ್ಟು ದಿನವೂ ಇಲ್ಲೇ, ಈ ಕತ್ತಲೆಯಲ್ಲಿ, ಕಾಲು ಸೋತರೂ ತೆಗೆಯದೆ ಕೂತಿದ್ದಾನೆ, ಪಾಪ...

ಹೇಳಿಬಿಡಬಹುದಿತ್ತು. ಎರಡಕ್ಷರ. ಆದರೆ ಅದು ಎಂಥ ಎರಡಕ್ಷರ ಅಂತೀರಿ! ಹೇಳಿದರೆ ಅಣ್ಣ ಹೋಗುತ್ತಾನೆ. ಹೇಳದಿದ್ದರೆ ನಾಳೆ ಕಾರು ತುಂಡಾಗುತ್ತದೆ, ಅವನು ಕೂತ ಸೀಟಿನ ಸಮೇತ. ಹಿಂದಿನ ಚಕ್ರದ ಬಳಿ ತನ್ನ ಹಳೆಯ ಜಾಗದಲ್ಲಿ ಹೋಗಿ ಮಲಗಿದಳು. ಅತ್ತಳು, ಬೈದಳು, ಮತ್ತೆ ಅತ್ತಳು. ಅವಳ ಕಣ್ಣೀರಿಗೆ ಈ ಶೆಡ್ಡಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಕೊನೆಗೆ, ಪ್ರತಿ ಭಾನುವಾರ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು.

"ಸಾಕು ಕಣೋ ಅಣ್ಣ. ಬಿಡು."

ಸ್ಪ್ರಿಂಗು ಟಣ್ ಎಂದಿತು. ಪೆಡಲ್ ಮೇಲೆ ಬಂತು. ಕೆಂಪು ಆರಿತು. ಅವಳು ಎದ್ದು ಬಂದು ಒಂದು ಬೆರಳಲ್ಲಿ ನೂಕಿದಳು ನೋಡಿ, ಕಾರು ಕರುವಿನ ಹಾಗೆ ಹೊರಟು ಅಂಗಳದಲ್ಲಿ ನಿಂತಿದ್ದ ಅತ್ತಿಗೆಯ ಮುಂದೆ ಹೋಗಿ ನಿಂತಿತು. ಅತ್ತಿಗೆ ಬಾನೆಟ್ಟಿನ ಮೇಲೆ ಕೈಯಿಟ್ಟಳು. ಎಷ್ಟೋ ಹೊತ್ತು ತೆಗೆಯಲಿಲ್ಲ. ಬೆಳಿಗ್ಗೆ ಗುಜರಿಯವನನ್ನು ಬಾಗಿಲಿನಿಂದಲೇ ಓಡಿಸಿದವಳು ಅವಳೇ.

"ಅಷ್ಟೇ ಕತೆ," ಎಂದರು ತಾತ. ಅವರ ಕಣ್ಣು ಮಾತ್ರ ಕಾರಿನ ಕಡೆಗೇ ಇತ್ತು, ತುಟಿಯಲ್ಲಿ ತುಂಟತನ. "ಬಿಡು ಅಂದ್ಲು, ಬಿಟ್ಟ, ಹೋದ. ಹೋದವನು ಮತ್ತೆ ಈ ಕಡೆ ತಲೆ ಹಾಕ್ಲಿಲ್ಲ."

ಒಳಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

"ಸುಳ್ಳು, ತಾತ," ಎಂದಿತು ಕಾರಿನಡಿಯ ದನಿ, ಮೆಲ್ಲಗೆ. ಆಮೇಲೆ, ಯಾರಿಗೋ: "ಒತ್ತು."

ಶೆಡ್ಡಿನ ಹಿಂಗೋಡೆಯ ಮೇಲೆ ಕೆಂಪು ಬೆಳಕು ಬಿತ್ತು. ದರ್ಜಿ ಬೆಂಚು ನೋಡಿದ. ಬ್ಯಾಟರಿ ಅಲ್ಲೇ ಇತ್ತು. ಹೆಂಡತಿಯನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಡಬ್ಬದ ಮೇಲಿನ ತಾತನನ್ನು ನೋಡಿದ. ಯಾರೂ ಕೂತಲ್ಲಿಂದ ಕದಲಿರಲಿಲ್ಲ.

ಕಾರಿನಡಿಯಲ್ಲಿ ಅಕ್ಕ ಕೆಣಕಿಸಿಕೊಂಡವಳ ಹಾಗೆ ನಕ್ಕಳು.

"ಇರೋ, ಅವಸರ ಮಾಡಬೇಡ."

ತಾತ ದರ್ಜಿಯ ಅಂಗಿಯ ಚುಂಗನ್ನು ಬಿಟ್ಟರು. "ಈಗ ಹೋಗಪ್ಪ, ಪೆಡಲ್ ಒತ್ತೋಕೆ. ಜಾಗ ಇದ್ಯಾ ಅಂತ ಮಾತ್ರ ಮೊದಲು ಕೇಳ್ಕೋ..."